ಕ್ಯಾಂಪ್‌ಬೆಲ್ಲರ ಹಿಮಜೀವಿ: 1951ರ ಚಿತ್ರ ಕಥೆಯ ತಿರುಳನ್ನೇ ಕೈಬಿಟ್ಟದ್ದು ಏಕೆ?

ಪ್ರಶ್ನೆ ಕೇಳಿದವರು: ಹಳೆಕಾಗದ

ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಅವರು ಡಾನ್ ಎ. ಸ್ಟುವರ್ಟ್ ಎಂಬ ಅಂಕಿತದಲ್ಲಿ ಬರೆದ ‘ಹೂ ಗೋಸ್ ದೇರ್?’ ನೀಳ್ಗತೆಯನ್ನು ಈಚೆಗೆ ಓದಿ ಮುಗಿಸಿದೆ. ಅದರ ಬೆನ್ನಿಗೇ ಅದನ್ನು ಆಧರಿಸಿ 1951ರಲ್ಲಿ ತೆರೆಗೆ ಬಂದ ‘ದ ಥಿಂಗ್ ಫ್ರಮ್ ಅನದರ್ ವರ್ಲ್ಡ್’ ಚಿತ್ರವನ್ನೂ ನೋಡಿದೆ. ಎರಡಕ್ಕೂ ಇರುವ ಅಂತರವನ್ನು ಕಂಡು ಈ ಪ್ರಶ್ನೆ ಕೇಳುತ್ತಿದ್ದೇನೆ. ಮುಂದಿನ ಮಾತುಗಳಲ್ಲಿ ಕಥೆಯ ಗುಟ್ಟು ಬಯಲಾಗುತ್ತದೆ, ಓದದವರು ಇಲ್ಲಿಗೇ ನಿಲ್ಲಬಹುದು.

ಕಥೆ ಪ್ರಕಟವಾದದ್ದು 1938ರ ಆಗಸ್ಟ್ ತಿಂಗಳ ‘ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್’ ಪತ್ರಿಕೆಯಲ್ಲಿ. ಒರಟು ಕಾಗದದ, 20 ಸೆಂಟ್ ಬೆಲೆಯ ಆ ಪಲ್ಪ್ ಪತ್ರಿಕೆಗೆ ಆಗ ಕ್ಯಾಂಪ್‌ಬೆಲ್ಲರೇ ಸಂಪಾದಕರು. ದಕ್ಷಿಣ ಧ್ರುವ ಪ್ರದೇಶದ ಶಿಬಿರದಲ್ಲಿ 37 ಮಂದಿ ಇದ್ದಾರೆ. ಎರಡು ಕೋಟಿ ವರ್ಷಗಳಿಂದ ಹಿಮದಲ್ಲಿ ಹೂತಿದ್ದ ಅಂತರಿಕ್ಷ ನೌಕೆಯೊಂದರ ಬಳಿ ಅವರಿಗೆ ಮೂರು ಕೆಂಪು ಕಣ್ಣಿನ ಜೀವಿಯೊಂದು ಸಿಗುತ್ತದೆ. ಹಿಮ ಕರಗಿದೊಡನೆ ಅದು ಎದ್ದು, ತಾನು ಆಕ್ರಮಿಸಿದ ಪ್ರಾಣಿಯ ದೇಹವನ್ನು ಮಾತ್ರವಲ್ಲದೆ ಅದರ ನೆನಪು, ಮಾತಿನ ಧಾಟಿ, ಚಿಕ್ಕಪುಟ್ಟ ಚಟಗಳನ್ನೂ ಹಾಗೆಹಾಗೆಯೇ ತಳೆಯುತ್ತದೆ. ಅಲ್ಲಿಂದ ಮುಂದೆ ಪಕ್ಕದ ಮಂಚದಲ್ಲಿ ಮಲಗಿದವನು ಮನುಷ್ಯನೋ ಅಲ್ಲವೋ ಎಂಬ ಒಂದೇ ಸಂಶಯದ ಮೇಲೆ ಇಡೀ ಕಥೆ ನಡೆಯುತ್ತದೆ.

1951ರ ಚಿತ್ರದಲ್ಲಿ ಆ ಸಂಶಯವೇ ಇಲ್ಲ. ಘಟನೆ ಉತ್ತರ ಧ್ರುವಕ್ಕೆ ವರ್ಗವಾಗಿದೆ, ಕಥಾನಾಯಕನ ಸ್ಥಾನಕ್ಕೆ ವಾಯುಪಡೆಯ ಕ್ಯಾಪ್ಟನ್ ಬಂದಿದ್ದಾನೆ, ಕಾಮರೂಪಿಯಾಗಿದ್ದ ಜೀವಿ ರಕ್ತ ಹೀರುವ ಸಸ್ಯಜಾತಿಯ ದೈತ್ಯನಾಗಿದೆ. ಅದು ಬಾಗಿಲಿನ ಆಚೆ ಇರುತ್ತದೆ, ಮನುಷ್ಯರು ಈಚೆ ಇರುತ್ತಾರೆ. ಯಾರು ಯಾರೆಂಬ ಗೊಂದಲ ಒಮ್ಮೆಯೂ ಹುಟ್ಟುವುದಿಲ್ಲ. ಆ ಕಾಲದ ತಂತ್ರಕ್ಕೆ ರೂಪಾಂತರವನ್ನು ತೋರಿಸುವುದು ಅಸಾಧ್ಯವಾಗಿತ್ತು ಎಂಬ ಸಮಾಧಾನವನ್ನು ಹಲವೆಡೆ ಓದಿದ್ದೇನೆ. ನಿಜಕ್ಕೂ ಕಾರಣ ಅಷ್ಟೇ ಆಗಿತ್ತೆ? ಹಾಗಿದ್ದರೆ, ತಿರುಳನ್ನೇ ತೆಗೆದ ಮೇಲೂ ಅದನ್ನು ಆ ಕಥೆಯ ಚಿತ್ರವೆಂದು ಕರೆಯುವುದು ಎಷ್ಟು ಸರಿ?


ಉತ್ತರಿಸಿದವರು: ರೀಲುಪೆಟ್ಟಿಗೆ

ತಂತ್ರದ ಕೊರತೆ ಎಂಬ ಸಮಾಧಾನ ನನಗಂತೂ ಒಪ್ಪಿಗೆಯಾಗಿಲ್ಲ. ಮನುಷ್ಯನ ವೇಷದಲ್ಲಿರುವ ಅನ್ಯಜೀವಿಯನ್ನು ತೋರಿಸಲು ಖರ್ಚೇ ಇಲ್ಲ. ಅದೇ ನಟ ಸಾಕು, ನೋಟದಲ್ಲಿ ಸ್ವಲ್ಪ ತಣ್ಣಗಿನ ಭಾವ ಬಂದರೆ ಆಯಿತು. ಐದು ವರ್ಷಗಳ ಬಳಿಕ, 1956ರಲ್ಲಿ, ಡಾನ್ ಸೀಗಲ್ ಅವರು ‘ಇನ್ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್’ ಚಿತ್ರವನ್ನು ಕಡಿಮೆ ಹಣದಲ್ಲಿ ಹೀಗೆಯೇ ತೆಗೆದು ಪ್ರೇಕ್ಷಕರ ನಿದ್ದೆಗೆಡಿಸಿದರು. ಆದ್ದರಿಂದ 1951ರಲ್ಲಿ ಆ ಎಳೆಯನ್ನು ಬಿಟ್ಟದ್ದು ಬೇಕೆಂದೇ ಮಾಡಿದ ಆಯ್ಕೆ ಎಂದು ತಿಳಿಯುವುದೇ ಸರಿ.

ಆ ಆಯ್ಕೆಯ ಹಿಂದೆ ನನಗೆ ಕಾಣುವುದು ನಿರ್ಮಾಪಕ ಹೊವರ್ಡ್ ಹಾಕ್ಸ್ ಅವರ ಮನೋಧರ್ಮ. ನಿರ್ದೇಶಕರೆಂದು ತೆರೆಯ ಮೇಲೆ ಹೆಸರು ಬರುವುದು ಕ್ರಿಶ್ಚಿಯನ್ ನೈಬಿ ಅವರದು. ಹಾಕ್ಸ್ ಅವರ ‘ರೆಡ್ ರಿವರ್’ ಚಿತ್ರಕ್ಕೆ ಸಂಕಲನ ಮಾಡಿದವರು. ಚಿತ್ರವನ್ನು ವಾಸ್ತವದಲ್ಲಿ ಯಾರು ನಿರ್ದೇಶಿಸಿದರು ಎಂಬ ಜಗಳ ಇಂದಿಗೂ ಮುಗಿದಿಲ್ಲ, ಅದು ಇಲ್ಲಿ ಮುಖ್ಯವೂ ಅಲ್ಲ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಮಾತಾಡುವ ಆ ಚುರುಕು, ಅಪಾಯದ ನಡುವೆಯೂ ನಗೆಚಾಟಿಕೆ ಬಿಡದ ಆ ಗುಂಪು, ತನ್ನ ಕೆಲಸ ಬಲ್ಲವನಿಗೆ ಮಾತ್ರ ಸಿಗುವ ಮರ್ಯಾದೆ, ಇವೆಲ್ಲ ಹಾಕ್ಸ್ ಚಿತ್ರಗಳನ್ನು ನೋಡಿದವರಿಗೆ ಚಿರಪರಿಚಿತ. ಒಬ್ಬರನ್ನೊಬ್ಬರು ನಂಬುವ ಗಂಡಸರ ಗುಂಪು ಎಂಬುದೇ ಅವರ ಚಿತ್ರಜಗತ್ತಿನ ಅಡಿಪಾಯ. ಕ್ಯಾಂಪ್‌ಬೆಲ್ಲರ ಕಥೆ ಅಂಥ ಗುಂಪನ್ನು ಒಳಗಿನಿಂದಲೇ ಕೊಳೆಯಿಸುವ ಕಥೆ. ಹಾಕ್ಸ್ ಅದನ್ನು ಇದ್ದಂತೆಯೇ ತೆಗೆದಿದ್ದರೆ ತಮ್ಮ ಇಡೀ ಬಾಳಿನ ನಂಬಿಕೆಗೆ ವಿರುದ್ಧವಾದ ಚಿತ್ರವನ್ನು ತೆಗೆಯಬೇಕಾಗುತ್ತಿತ್ತು.

ಕಾಲವೂ ಬದಲಾಗಿತ್ತು. 1947ರಲ್ಲಿ ಅಮೆರಿಕದಲ್ಲಿ ಹಾರುವ ತಟ್ಟೆಗಳ ಹುಚ್ಚು ಹಬ್ಬಿತು, 1949ರಲ್ಲಿ ಸೋವಿಯತ್ ಒಕ್ಕೂಟ ಅಣುಬಾಂಬನ್ನು ಪರೀಕ್ಷಿಸಿತು, 1950ರಲ್ಲಿ ಕೊರಿಯಾ ಯುದ್ಧ ಆರಂಭವಾಯಿತು. ಚಿತ್ರ ಬಿಡುಗಡೆಯಾದ 1951ರ ಏಪ್ರಿಲ್‌ನಲ್ಲಿ ಅಲ್ಲಿನ ಪ್ರೇಕ್ಷಕರ ಭಯ ಆಕಾಶದ ಕಡೆಗೆ ತಿರುಗಿತ್ತು. ಚಿತ್ರದ ಕೊನೆಯಲ್ಲಿ ಪತ್ರಕರ್ತ ಸ್ಕಾಟಿ ರೇಡಿಯೋದಲ್ಲಿ ಜಗತ್ತಿಗೆ ಕೊಡುವ ಎಚ್ಚರಿಕೆಯೂ ಆಕಾಶವನ್ನು ಗಮನಿಸಿರಿ ಎಂಬುದೇ.

ಮೂಲಕ್ಕೆ ದ್ರೋಹ ಬಗೆದಿದೆ ಎಂಬ ಕಾರಣಕ್ಕೆ ಆ ಚಿತ್ರವನ್ನು ತಳ್ಳಿಹಾಕುವವರೊಂದಿಗೆ ಮಾತ್ರ ನನಗೆ ಸಹಮತವಿಲ್ಲ. ಹಿಮದಡಿ ಕಾಣುವ ಕರಿನೆರಳಿನ ಅಂಚಿಗುಂಟ ಕೈಚಾಚಿ ನಿಂತ ಗಂಡಸರು, ತಾವು ನಿಂತಿರುವುದು ಪರಿಪೂರ್ಣ ವೃತ್ತವೆಂದು ಅರಿಯುವ ದೃಶ್ಯಕ್ಕೆ ಯಾವ ವಿಶೇಷ ತಂತ್ರವೂ ಬೇಕಾಗಲಿಲ್ಲ. ಆರೂವರೆ ಅಡಿಗೂ ಮಿಕ್ಕಿದ ಜೇಮ್ಸ್ ಆರ್ನೆಸ್ ಅವರನ್ನು ಬಹುಪಾಲು ನೆರಳಿನಲ್ಲೇ ಇಟ್ಟು, ಒಂದೇ ಒಂದು ಬಾಗಿಲನ್ನು ತಟ್ಟನೆ ತೆರೆದು ತೋರಿಸಿದ ಆ ಕ್ಷಣ ಇಂದಿಗೂ ಬೆಚ್ಚಿಬೀಳಿಸುತ್ತದೆ. ಡಿಮಿಟ್ರಿ ಟಿಯೊಮ್‌ಕಿನ್ ಅವರ ಸಂಗೀತದಲ್ಲಿ ಥೆರೆಮಿನ್ ವಾದ್ಯದ ಅಳುವಿನಂಥ ದನಿಯೂ ಇದೆ. ಕಥೆಯ ಋಣ ಅಲ್ಪವಾದರೂ ಚಿತ್ರ ತನ್ನ ಕಾಲ ಮೇಲೆ ನಿಂತಿದೆ.


ಉತ್ತರಿಸಿದವರು: ಮೂರನೆಯ ಕಣ್ಣು

ರೀಲುಪೆಟ್ಟಿಗೆಯವರ ಮಾತಿನಲ್ಲಿ ಹಾಕ್ಸ್ ಕುರಿತ ಭಾಗವನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಇಬ್ಬರೂ ಚಿತ್ರದಲ್ಲಿ ಕಳೆದುಹೋದದ್ದು ರೂಪ ಬದಲಿಸುವ ಜೀವಿ ಎಂದು ತಿಳಿದಿದ್ದೀರಿ. ನನ್ನ ಎಣಿಕೆಯಲ್ಲಿ ಕಥೆಯ ತಿರುಳು ಆ ಜೀವಿಯಲ್ಲ, ಅದನ್ನು ಪತ್ತೆ ಹಚ್ಚುವ ಕ್ರಮ.

ನಳದಮಯಂತಿಯರ ಕಥೆಯನ್ನು ನೆನೆಯಿರಿ. ಸ್ವಯಂವರದಲ್ಲಿ ಐವರು ನಳರು ಒಂದೇ ರೂಪದಲ್ಲಿ ಕುಳಿತಿರುವಾಗ ದಮಯಂತಿ, ಬೆವರದ ಮೈ, ಮಿಟುಕದ ಕಣ್ಣು, ನೆಲ ಸೋಕದ ಪಾದಗಳಿಂದ ದೇವತೆಗಳನ್ನು ಗುರುತಿಸುತ್ತಾಳೆ. ಅವಳ ಪ್ರಾರ್ಥನೆಗೆ ಕರಗಿ ದೇವತೆಗಳೇ ಆ ಲಕ್ಷಣಗಳನ್ನು ತೋರಿದರು. ಕ್ಯಾಂಪ್‌ಬೆಲ್ಲರ ಶಿಬಿರದಲ್ಲಿ ಕರಗುವ ದೇವತೆಗಳಿಲ್ಲ, ಲಕ್ಷಣವನ್ನು ಮನುಷ್ಯರೇ ಹುಡುಕಿ ಹೊರಗೆಳೆಯಬೇಕು. ಮೊದಲು ವೈದ್ಯ ಕಾಪರ್ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ, ಅದರ ಪರೀಕ್ಷೆಯೊಂದನ್ನು ಸೂಚಿಸುತ್ತಾನೆ. ನಾಯಿಯೊಂದಕ್ಕೆ ಮನುಷ್ಯರ ರಕ್ತವನ್ನು ಚುಚ್ಚಿ, ಅದರ ಸೀರಮ್ ಮನುಷ್ಯ ರಕ್ತಕ್ಕೆ ಮಾತ್ರ ಪ್ರತಿಕ್ರಿಯಿಸುವಂತೆ ಮಾಡಬೇಕೆಂಬುದು ಅವನ ಯೋಜನೆ. ರಕ್ತ ಕೊಟ್ಟವರು ಕಾಪರ್ ಮತ್ತು ಶಿಬಿರದ ನಾಯಕ ಗ್ಯಾರಿ. ಕೊನೆಗೆ ಆ ಸೀರಮ್ ಮನುಷ್ಯನಿಗೂ ಅನ್ಯಜೀವಿಗೂ ಒಂದೇ ರೀತಿ ಪ್ರತಿಕ್ರಿಯಿಸಿದಾಗ, ರಕ್ತ ಕೊಟ್ಟ ಇಬ್ಬರಲ್ಲಿ ಒಬ್ಬ ಮನುಷ್ಯನಲ್ಲ ಎಂಬ ತೀರ್ಮಾನ ತರ್ಕದಿಂದಲೇ ಹೊರಬೀಳುತ್ತದೆ. ಪರೀಕ್ಷೆ ಸೋತು, ಆ ಸೋಲೇ ಒಂದು ಸುಳಿವಾಗುವ ಆ ಪುಟ ಪಲ್ಪ್ ಕಾಲದ ವಿಜ್ಞಾನ ಕಥೆಗಳಲ್ಲೇ ಅತ್ಯುತ್ತಮವಾದದ್ದೆಂದು ನನ್ನ ಭಾವನೆ. ಬಳಿಕ ಹವಾಮಾನ ತಜ್ಞ ಮ್ಯಾಕ್‌ರೆಡಿ ಹೊಸದೊಂದು ದಾರಿ ಕಾಣುತ್ತಾನೆ: ಈ ಜೀವಿಯ ಪ್ರತಿಯೊಂದು ತುಣುಕೂ ತಾನೇ ಒಂದು ಜೀವಿಯಾದರೆ, ಅದರ ರಕ್ತದ ಹನಿಯೂ ಕಾದ ತಂತಿಯನ್ನು ಕಂಡು ತನ್ನ ಪ್ರಾಣ ಉಳಿಸಿಕೊಳ್ಳಲು ಓಡಲೇಬೇಕು. ಶತ್ರುವಿನ ಬಲವೇ ಅವನನ್ನು ಬಯಲಿಗೆಳೆಯುವ ಸಾಧನವಾಗುತ್ತದೆ.

ಈಗ 1951ರ ಚಿತ್ರಕ್ಕೆ ಬನ್ನಿ. ಅಲ್ಲಿ ವಿಚಾರ ಮಾಡುವವನು ಡಾಕ್ಟರ್ ಕ್ಯಾರಿಂಗ್‌ಟನ್ ಒಬ್ಬನೇ. ಅವನೇ ಚಿತ್ರದ ಅಪಾಯಕಾರಿ ವ್ಯಕ್ತಿ. ಶಿಬಿರದ ಜನ ಸಾಯುತ್ತಿರುವಾಗ ಅವನು ರಕ್ತದ ಪ್ಲಾಸ್ಮಾ ಎರೆದು ಆ ಜೀವಿಯ ಸಸಿಗಳನ್ನು ಗುಟ್ಟಾಗಿ ಬೆಳೆಸುತ್ತಾನೆ, ಕೊನೆಯಲ್ಲಿ ಅದರೊಂದಿಗೆ ಸಂಧಾನಕ್ಕೆ ಮುಂದಾಗಿ ಪೆಟ್ಟು ತಿನ್ನುತ್ತಾನೆ. ಸೈನಿಕರು ವಿದ್ಯುತ್ತಿನ ಬಲೆಯೊಡ್ಡಿ ಅದನ್ನು ಸುಟ್ಟು ಕೆಲಸ ಮುಗಿಸುತ್ತಾರೆ. ವಿಜ್ಞಾನಿಗಳು ವಿಜ್ಞಾನದಿಂದ ಗೆದ್ದ ಕಥೆಯನ್ನು, ವಿಜ್ಞಾನಿಯನ್ನು ಪಕ್ಕಕ್ಕೆ ತಳ್ಳಿ ಗೆದ್ದ ಕಥೆಯಾಗಿ ತಿರುಗಿಸಿದ್ದಾರೆ. ಇದನ್ನು ಬರಿಯ ಬದಲಾವಣೆ ಎನ್ನಲಾಗದು, ಮೂಲದ ನಂಬಿಕೆಗೆ ಕೊಟ್ಟ ಎದುರುತ್ತರ ಎನ್ನಬೇಕು.

ಇದೇ ವರ್ಷ, ಇದೇ ಪತ್ರಿಕೆಯ ಇನ್ನೊಂದು ಕಥೆಗೂ ಇಂಥದೇ ಗತಿ ಬಂತು ಎಂಬುದನ್ನು ಗಮನಿಸಬೇಕು. 1951ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ರಾಬರ್ಟ್ ವೈಸ್ ನಿರ್ದೇಶನದ ‘ದ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ ಚಿತ್ರದ ಮೂಲ, 1940ರ ಅಕ್ಟೋಬರ್ ಸಂಚಿಕೆಯಲ್ಲಿ ಬಂದ ಹ್ಯಾರಿ ಬೇಟ್ಸ್ ಅವರ ‘ಫೇರ್‌ವೆಲ್ ಟು ದ ಮಾಸ್ಟರ್’. ಬೇಟ್ಸ್ ಬೇರಾರೂ ಅಲ್ಲ, 1930ರಲ್ಲಿ ಅದೇ ಪತ್ರಿಕೆ ಹುಟ್ಟಿದಾಗ ಅದರ ಮೊದಲ ಸಂಪಾದಕರಾಗಿದ್ದವರು. ಆ ಕಥೆಯಲ್ಲಿ ಅನ್ಯಲೋಕದ ಅತಿಥಿ ಕ್ಲಾಟು ನೌಕೆಯಲ್ಲಿ ಬಂದಿಳಿದ ಕೂಡಲೇ ಹುಚ್ಚನೊಬ್ಬನ ಗುಂಡಿಗೆ ಬಲಿಯಾಗುತ್ತಾನೆ, ಅವನೊಂದಿಗೆ ಬಂದ ನೂಟ್ ಎಂಬ ಯಂತ್ರಮಾನವ ಕದಲದೆ ನಿಂತುಬಿಡುತ್ತದೆ, ನೌಕೆಯ ಸುತ್ತ ವಸ್ತುಸಂಗ್ರಹಾಲಯವೇ ಏಳುತ್ತದೆ. ಛಾಯಾಗ್ರಾಹಕ ಪತ್ರಕರ್ತನೊಬ್ಬ ತಾನು ಬೇರೆ ಬೇರೆ ದಿನ ತೆಗೆದ ಎರಡು ಚಿತ್ರಗಳನ್ನು ಹೋಲಿಸಿ ನೋಡಿ, ಯಂತ್ರ ಕೂದಲೆಳೆಯಷ್ಟು ಜರುಗಿದೆಯೆಂದು ಕಂಡುಕೊಳ್ಳುತ್ತಾನೆ. ರಾತ್ರಿ ಅಲ್ಲಿಯೇ ಅಡಗಿ ಕಾಯುತ್ತಾನೆ. ಧ್ವನಿಮುದ್ರಣದಿಂದ ಆ ಧ್ವನಿಯ ಒಡೆಯನನ್ನೇ ಮರುಸೃಷ್ಟಿಸಲು ನೂಟ್ ಯತ್ನಿಸುತ್ತಿರುತ್ತದೆ. ಮುದ್ರಣದ ದೋಷಗಳಿಂದಾಗಿ ಹಾಗೆ ಹುಟ್ಟಿದವರು ಬದುಕುವುದಿಲ್ಲ. ಮುದ್ರಿಸಿದ ಯಂತ್ರವೇ ಸಿಕ್ಕರೆ ದೋಷವನ್ನು ಲೆಕ್ಕ ಹಾಕಿ ಸರಿಪಡಿಸಬಹುದು ಎಂದು ಪತ್ರಕರ್ತ ಸೂಚಿಸುತ್ತಾನೆ. ಸಾವನ್ನು ಗೆಲ್ಲುವುದೂ ಅಲ್ಲಿ ಮುದ್ರಣದ ಗುಣಮಟ್ಟದ ಸಮಸ್ಯೆ!

ಚಿತ್ರದಲ್ಲಿ ಈ ಪತ್ತೇದಾರಿಕೆ ಒಂದಿಷ್ಟೂ ಉಳಿದಿಲ್ಲ. ಕ್ಲಾಟು ಸತ್ತು ಮರಳಿ ಏಳುವ ಪ್ರಸಂಗದಲ್ಲಿ, ಜೀವ ಕೊಡುವ ಶಕ್ತಿ ಭಗವಂತನೊಬ್ಬನಿಗೇ ಮೀಸಲು ಎಂಬ ಅರ್ಥದ ಮಾತನ್ನು ಸೆನ್ಸಾರ್ ಕಚೇರಿಯ ಒತ್ತಾಯಕ್ಕೆ ಮಣಿದು ಸೇರಿಸಿದರು. ಮೂಲ ಕಥೆಯ ಕೊನೆಯ ಸಾಲಿನಲ್ಲಿ ಒಡೆಯ ಕ್ಲಾಟುವಲ್ಲ, ತಾನೇ ಎಂದು ಯಂತ್ರಮಾನವ ಹೇಳಿ ಓದುಗನನ್ನು ದಂಗುಬಡಿಸುತ್ತದೆ. ಚಿತ್ರ ಅದನ್ನು ಅಷ್ಟು ನೇರವಾಗಿ ಹೇಳದೆ, ಆಕ್ರಮಣವನ್ನು ಹತ್ತಿಕ್ಕುವ ಪೂರ್ಣ ಅಧಿಕಾರವನ್ನು ಯಂತ್ರಗಳಿಗೆ ಬಿಟ್ಟುಕೊಟ್ಟಿದ್ದೇವೆ ಎಂದು ಕ್ಲಾಟುವಿನ ವಿದಾಯ ಭಾಷಣದೊಳಗೆ ಅಡಗಿಸಿಟ್ಟಿದೆ. ವಿಚಿತ್ರವೆಂದರೆ ಈ ಚಿತ್ರದ ನಿಲುವು ಹಾಕ್ಸ್ ಚಿತ್ರಕ್ಕೆ ನೇರ ವಿರುದ್ಧ: ಇಲ್ಲಿ ಸೈನಿಕರು ಕಂಡೊಡನೆ ಗುಂಡು ಹಾರಿಸುವವರು, ಪ್ರೊಫೆಸರ್ ಬಾರ್ನ್‌ಹಾರ್ಟ್ ಒಬ್ಬನೇ ವಿವೇಕಿ. ಹೀಗೆ ಒಂದು ಚಿತ್ರಕ್ಕೆ ವಿಜ್ಞಾನಿ ಮೂರ್ಖ, ಇನ್ನೊಂದಕ್ಕೆ ಋಷಿ. ಸಮಸ್ಯೆಯನ್ನು ಮೇಜಿನ ಮೇಲೆ ಹರಡಿಕೊಂಡು ಬಿಡಿಸುವ ಕೆಲಸಗಾರನಾಗಿ ಮಾತ್ರ ಅವನು ಎರಡರಲ್ಲೂ ಇಲ್ಲ. ಪಲ್ಪ್ ಓದುಗರು ಹಣ ಕೊಟ್ಟು ಓದುತ್ತಿದ್ದದ್ದು ಆ ಕೆಲಸಗಾರನ ಕಥೆಯನ್ನು.


ಹಳೆಕಾಗದ

ಈ ದೃಷ್ಟಿಯಿಂದ ನಾನು ನೋಡಿರಲಿಲ್ಲ, ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಜಾನ್ ಕಾರ್ಪೆಂಟರ್ ಅವರ 1982ರ ‘ದ ಥಿಂಗ್’ ಮೂಲಕ್ಕೆ ಮರಳಿತು ಎಂಬ ಮಾತನ್ನು ಯಾವ ಮಟ್ಟಿಗೆ ಒಪ್ಪಬಹುದು? ಅದು ರೂಪ ಬದಲಿಸುವ ಜೀವಿಯನ್ನಷ್ಟೇ ಮರಳಿ ತಂದಿತೋ, ಆ ಕೆಲಸಗಾರನನ್ನೂ ತಂದಿತೋ?


ಉತ್ತರಿಸಿದವರು: ಧ್ರುವದಾರಿ

ಎರಡನ್ನೂ ತಂದಿತು, ಆದರೆ ಕೆಲಸಗಾರನಿಗಿದ್ದ ಭರವಸೆಯನ್ನು ಕಸಿದುಕೊಂಡಿತು.

ಕಾರ್ಪೆಂಟರ್ ಹಳೆಯ ಚಿತ್ರದ ದ್ವೇಷಿಯಲ್ಲ. 1978ರ ‘ಹ್ಯಾಲೋವೀನ್’ ಚಿತ್ರದಲ್ಲಿ ಮಕ್ಕಳು ಟಿವಿಯಲ್ಲಿ ನೋಡುತ್ತಿರುವುದು ಹಾಕ್ಸ್ ನಿರ್ಮಾಣದ ಇದೇ ಚಿತ್ರ. ಆದರೂ ತಮ್ಮದನ್ನು ತೆಗೆಯುವಾಗ ಅವರೂ ಚಿತ್ರಕಥೆ ಬರೆದ ಬಿಲ್ ಲ್ಯಾಂಕಾಸ್ಟರ್ ಅವರೂ ಕ್ಯಾಂಪ್‌ಬೆಲ್ಲರ ಪುಟಗಳಿಗೇ ಹೋದರು. ದಕ್ಷಿಣ ಧ್ರುವ ಮರಳಿತು. ಬ್ಲೇರ್, ಕಾಪರ್, ಗ್ಯಾರಿ, ನಾರಿಸ್, ಕ್ಲಾರ್ಕ್ ಎಂಬ ಹೆಸರುಗಳು ಮರಳಿದವು. ಸೀರಮ್ ಪರೀಕ್ಷೆಯ ಪ್ರಸ್ತಾಪವೂ ಬಂತು, ಆದರೆ ಶೇಖರಿಸಿಟ್ಟ ರಕ್ತವನ್ನು ಯಾರೋ ಹಾಳುಗೆಡವಿದ್ದರಿಂದ ಅದು ನಡೆಯುವುದೇ ಇಲ್ಲ. ಶಿಬಿರದ ಜನ 37ರಿಂದ 12ಕ್ಕೆ ಇಳಿದದ್ದು ಒಳ್ಳೆಯ ಕತ್ತರಿ ಪ್ರಯೋಗ, ಏಕೆಂದರೆ ಕಥೆಯಲ್ಲಿ ಬರುವ ಅನೇಕರ ಮುಖ ಓದುಗನ ಮನಸ್ಸಿನಲ್ಲಿ ಮೂಡುವುದೇ ಇಲ್ಲ. ಪಾತ್ರ ಚಿತ್ರಣ ಕ್ಯಾಂಪ್‌ಬೆಲ್ಲರ ಕೈಗುಣವಾಗಿರಲಿಲ್ಲ.

ಕಾದ ತಂತಿಯ ಪರೀಕ್ಷೆಯ ದೃಶ್ಯವಂತೂ ಮೂರನೆಯ ಕಣ್ಣು ಅವರು ಹೇಳಿದ ಕ್ರಮದ ಅತ್ಯುತ್ತಮ ಚಿತ್ರರೂಪ. ಹಗ್ಗದಿಂದ ಬಿಗಿದ ಗಂಡಸರು, ಗಾಜಿನ ತಟ್ಟೆಗಳಲ್ಲಿ ಅವರವರ ರಕ್ತ, ಒಬ್ಬೊಬ್ಬರ ಸರದಿ. ಒಂದು ತಟ್ಟೆಯ ರಕ್ತ ಚೀರಿ ನೆಗೆಯುವವರೆಗೆ ಏನೂ ನಡೆಯದಿರುವುದೇ ಆ ದೃಶ್ಯದ ಬಲ. ವಿಚಾರ ಮಾಡಿ ನೋಡಿದರೆ, ರಾಬ್ ಬಾಟಿನ್ ಅವರ ಕೈಚಳಕದಲ್ಲಿ ಮೂಡಿದ ಆ ಭೀಕರ ದೇಹಗಳಿಗಿಂತ ಈ ತಟ್ಟೆಗಳ ಸಾಲು ಹೆಚ್ಚು ಹೆದರಿಸುತ್ತದೆ. ಬಾಟಿನ್ ಆಗ ಇಪ್ಪತ್ತರ ಹರೆಯದ ಮೊದಲ ವರ್ಷಗಳಲ್ಲಿದ್ದರು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ.

ಮುಖ್ಯ ವ್ಯತ್ಯಾಸ ಇರುವುದು ಮುಕ್ತಾಯದಲ್ಲಿ. ಕಥೆಯಲ್ಲಿ ಪರೀಕ್ಷೆ ಎಲ್ಲರ ಮೇಲೂ ನಡೆಯುತ್ತದೆ, ಕಳ್ಳರು ಸಿಕ್ಕಿಬೀಳುತ್ತಾರೆ, ಒಂಟಿಯಾಗಿ ಕೂಡಿಹಾಕಿದ್ದ ಜೀವಶಾಸ್ತ್ರಜ್ಞ ಬ್ಲೇರ್‌ನ ಗುಡಿಸಲಿನಲ್ಲಿ ಆ ಜೀವಿ ಗುರುತ್ವವನ್ನು ಮೀರಿ ಹಾರುವ ಸಾಧನವನ್ನು ಕಟ್ಟಿ ಮುಗಿಸುವ ಹೊತ್ತಿಗೆ ಸರಿಯಾಗಿ ಅದನ್ನು ನಾಶ ಮಾಡುತ್ತಾರೆ. ಜಗತ್ತು ಅರ್ಧ ಗಂಟೆಯ ಅಂತರದಲ್ಲಿ ಉಳಿಯಿತು, ಆದರೆ ಉಳಿಯಿತು. 1982ರಲ್ಲಿ ಕೊನೆಗೆ ಉಳಿಯುವವರು ಉರಿಯುವ ಶಿಬಿರದ ಬೆಳಕಿನಲ್ಲಿ ಕುಳಿತ ಇಬ್ಬರು; ಅವರಲ್ಲಿ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ, ಪರೀಕ್ಷಿಸಲು ಸಾಧನವೂ ಉಳಿದಿಲ್ಲ. ಅಂದಿನ ಪ್ರೇಕ್ಷಕರಿಗೆ ಇದು ಹಿಡಿಸಲಿಲ್ಲ. ಎರಡು ವಾರ ಮೊದಲು ‘ಇ.ಟಿ.’ ಬಂದು ಅನ್ಯಗ್ರಹದ ಅತಿಥಿಯನ್ನು ಮುದ್ದಿಸುವುದನ್ನು ಕಲಿಸಿತ್ತು, 1982ರ ಜೂನ್ 25ರಂದು ಈ ಚಿತ್ರದ ಜೊತೆಗೇ ‘ಬ್ಲೇಡ್ ರನ್ನರ್’ ಕೂಡ ತೆರೆಕಂಡಿತ್ತು. ಸುಮಾರು ಒಂದೂವರೆ ಕೋಟಿ ಡಾಲರ್ ವೆಚ್ಚದ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು ಎರಡು ಕೋಟಿಗೂ ಕಡಿಮೆ. ವಿಮರ್ಶಕರು ಅದನ್ನು ಅಸಹ್ಯವೆಂದು ಜರಿದರು. ವಿಡಿಯೋ ಕ್ಯಾಸೆಟ್‌ಗಳು ಬಂದ ಮೇಲೆಯೇ ಅದಕ್ಕೆ ಮರುಜೀವ ಸಿಕ್ಕಿತು. ಈಗ ದಕ್ಷಿಣ ಧ್ರುವದ ಅಮೆರಿಕನ್ ಕೇಂದ್ರದಲ್ಲಿ ಚಳಿಗಾಲಕ್ಕೆ ಉಳಿಯುವವರು, ಕೊನೆಯ ವಿಮಾನ ಹೊರಟ ಬಳಿಕ ಒಟ್ಟಿಗೆ ಕುಳಿತು ‘ದ ಥಿಂಗ್’ ನೋಡುವ ರೂಢಿಯಿದೆ. ಅವರ ಧೈರ್ಯವನ್ನು ಮೆಚ್ಚಬೇಕು.


ರೀಲುಪೆಟ್ಟಿಗೆ

ಧ್ರುವದಾರಿಯವರೇ, ಕಥೆಯ ಮುಕ್ತಾಯದಲ್ಲಿ ಅಷ್ಟೊಂದು ಭರವಸೆಯಿದೆ ಎಂದು ನನಗೆ ಅನ್ನಿಸುವುದಿಲ್ಲ. ಕೊನೆಯ ಪುಟಗಳಲ್ಲಿ ಶಿಬಿರದವರು ಆಲ್ಬಟ್ರಾಸ್ ಹಕ್ಕಿಯನ್ನು ಕಂಡು ಬೆಚ್ಚುವುದನ್ನು ನೆನಪಿಸಿಕೊಳ್ಳಿ. ಒಂದು ಹಕ್ಕಿ ಸೋಂಕಿ ಹಾರಿಹೋದರೂ ಇಡೀ ಭೂಮಿ ಕೈತಪ್ಪುತ್ತದೆ. ಕ್ಯಾಂಪ್‌ಬೆಲ್ ಗೆಲುವನ್ನು ಘೋಷಿಸುತ್ತಾರಾದರೂ ಭಯವನ್ನು ಪೂರ್ತಿ ಒರೆಸಿಹಾಕುವುದಿಲ್ಲ. ಅವರ ತಾಯಿಗೆ ಥೇಟು ಅವರಂತೆಯೇ ಇದ್ದ ಅವಳಿ ಸೋದರಿಯಿದ್ದರು, ಬಾಲಕನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ತಾಯಿಯೆಂದು ಓಡಿಹೋದ ಮಗುವಿಗೆ ಎಷ್ಟೋ ಸಲ ತಣ್ಣನೆಯ ತಿರಸ್ಕಾರ ಎದುರಾಗುತ್ತಿತ್ತು ಎಂದು ಅವರ ಜೀವನ ಬರೆದವರು ದಾಖಲಿಸಿದ್ದಾರೆ. ಲೇಖಕನ ಬಾಲ್ಯದಿಂದ ಕಥೆಯನ್ನು ವಿವರಿಸುವ ವಿಧಾನ ನನಗೆ ಸಾಮಾನ್ಯವಾಗಿ ಹಿಡಿಸದು, ಆದರೆ ಇಲ್ಲಿ ಅದನ್ನು ಕಡೆಗಣಿಸುವುದು ಕಷ್ಟ.


ಉತ್ತರಿಸಿದವರು: ಅಟ್ಟದಮೇಲಿನಕಟ್ಟು

ಓದಿನ ಕ್ರಮದ ಬಗ್ಗೆ ಒಂದು ಸಲಹೆ ಕೊಡಲು ಬಂದೆ. ಕ್ಯಾಂಪ್‌ಬೆಲ್ ಇದೇ ಕಲ್ಪನೆಯನ್ನು ಎರಡು ವರ್ಷ ಮೊದಲೇ, 1936ರ ಡಿಸೆಂಬರ್‌ನ ‘ಥ್ರಿಲ್ಲಿಂಗ್ ವಂಡರ್ ಸ್ಟೋರೀಸ್’ ಪತ್ರಿಕೆಯಲ್ಲಿ, ‘ದ ಬ್ರೇನ್ ಸ್ಟೀಲರ್ಸ್ ಆಫ್ ಮಾರ್ಸ್’ ಎಂಬ ಹಗುರ ಧಾಟಿಯ ಕಥೆಯಲ್ಲಿ ಬಳಸಿದ್ದರು. ಅಲ್ಲಿ ರೂಪ ಬದಲಿಸುವ ಮಂಗಳವಾಸಿಗಳು ನಗೆಯ ವಸ್ತು. ಅದನ್ನು ಮೊದಲು ಓದಿದರೆ, ಒಂದೇ ಸರಕನ್ನು ಎರಡು ವರ್ಷಗಳಲ್ಲಿ ಅವರು ಎಲ್ಲಿಗೆ ಒಯ್ದರು ಎಂಬುದು ಸ್ಪಷ್ಟವಾಗುತ್ತದೆ.

ಎರಡನೆಯದು ಈ ಚರ್ಚೆಗೇ ಸಂಬಂಧಿಸಿದ್ದು. ‘ಹೂ ಗೋಸ್ ದೇರ್?’ ಕಥೆಯ ದೀರ್ಘ ಕರಡು ಹಾರ್ವರ್ಡ್ ವಿಶ್ವವಿದ್ಯಾಲಯದ ಹೌಟನ್ ಗ್ರಂಥಾಲಯದಲ್ಲಿದ್ದ ಕ್ಯಾಂಪ್‌ಬೆಲ್ಲರ ಕಾಗದಪತ್ರಗಳ ನಡುವೆ ಇತ್ತು. ಅವರ ಕುರಿತು ಪುಸ್ತಕ ಬರೆಯುತ್ತಿದ್ದ ಅಲೆಕ್ ನೆವಾಲಾ-ಲೀ ಅದನ್ನು ಹುಡುಕಿ ತೆಗೆದರು. 2019ರಲ್ಲಿ ಅದು ‘ಫ್ರೋಜನ್ ಹೆಲ್’ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಹೊರಬಂತು. ಪ್ರಕಟಿತ ಕಥೆ ಆರಂಭವಾಗುವ ಹೊತ್ತಿಗೆ ಜೀವಿ ಆಗಲೇ ಹಿಮದ ಗಡ್ಡೆಯೊಳಗೆ ಟಾರ್ಪಾಲಿನಡಿ ಮೇಜಿನ ಮೇಲಿರುತ್ತದೆ. ನೌಕೆ ಸಿಕ್ಕಿದ್ದು, ಥರ್ಮೈಟ್ ಎಂಬ ಅತಿ ಕಾವಿನಿಂದ ಉರಿಯುವ ಲೋಹದ ಪುಡಿಯನ್ನು ಸಿಡಿಸಿ ಹಿಮ ಕರಗಿಸಲು ಹೋಗಿ ನೌಕೆಯೇ ಸುಟ್ಟುಹೋದದ್ದು, ಇವೆಲ್ಲ ಸಭೆಯಲ್ಲಿ ಮ್ಯಾಕ್‌ರೆಡಿ ಒಪ್ಪಿಸುವ ವರದಿಯಾಗಿ ಬರುತ್ತವೆ. ಕರಡಿನಲ್ಲಿ ಆ ಶೋಧ ನಮ್ಮ ಕಣ್ಣೆದುರಿಗೇ ನಡೆಯುತ್ತದೆ, ಅದಕ್ಕಾಗಿಯೇ ಹತ್ತಾರು ಪುಟಗಳಿವೆ.

ಈಗ 1951ರ ಚಿತ್ರದ ಮೊದಲ ಭಾಗವನ್ನು ಮತ್ತೆ ನೋಡಿ: ವಿಮಾನದಲ್ಲಿ ಹೊರಟ ತಂಡ, ಹಿಮದಡಿಯ ನೆರಳು, ವೃತ್ತವಾಗಿ ನಿಂತ ಗಂಡಸರು, ಥರ್ಮೈಟ್, ಸುಟ್ಟುಹೋದ ತಟ್ಟೆ. ಕಥೆಗೆ ಅಷ್ಟೊಂದು ದೂರವೆಂದು ನಾವೆಲ್ಲ ದೂರುವ ಚಿತ್ರ, ಆರಂಭದ ಮಟ್ಟಿಗೆ ಕ್ಯಾಂಪ್‌ಬೆಲ್ ಕತ್ತರಿಸಿ ಎಸೆದ ಕರಡಿಗೇ ಹತ್ತಿರವಾಗಿದೆ, ಅದೂ ಕರಡು ಬೆಳಕಿಗೆ ಬರುವ ಸುಮಾರು 70 ವರ್ಷಗಳ ಮೊದಲು. ತೆರೆಗೆ ಆ ಕ್ರಮವೇ ಒಪ್ಪುತ್ತದೆ ಎನ್ನುವುದನ್ನು ಅಲ್ಲಗಳೆಯುವಂತಿಲ್ಲ. ಓದಿಗೆ ಮಾತ್ರ ಸೀಲ್ ಕೊಬ್ಬು, ಬೆವರು, ಒದ್ದೆ ತುಪ್ಪಳಗಳ ನಾತದೊಂದಿಗೆ ನೇರವಾಗಿ ಶಿಬಿರದೊಳಗೆ ತಳ್ಳುವ ಪ್ರಕಟಿತ ಆರಂಭವೇ ಮೇಲು. ಆದ್ದರಿಂದ ಹೊಸಬರು ‘ಫ್ರೋಜನ್ ಹೆಲ್’ನಿಂದ ಶುರು ಮಾಡಬೇಡಿ, 1938ರಲ್ಲಿ ಪ್ರಕಟವಾದ ರೂಪವನ್ನೇ ಮೊದಲು ಓದಿ.